ವೇಗದ ಅಂಕಿಗೆ ಎಷ್ಟು ಬೆಲೆ?

ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟ ವಿದ್ಯಾರ್ಥಿಗಳಿಗೂ, ಅದಕ್ಕೆ ಹಣ ತೆರುವ ತಂದೆತಾಯಿಯರಿಗೂ ಮೆಮೊರಿಯ ಆಯ್ಕೆ ಕುರಿತು ನಾಲ್ಕು ಮಾತು

2024ರ ಜೂನ್ ತಿಂಗಳ ಒಂದು ಭಾನುವಾರ. ಕಾಫಿ ಮುಗಿಸಿ ಪತ್ರಿಕೆ ಬಿಡಿಸಿ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಬಂದ. ಹುಡುಗ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾನೆ. ತಂದೆ ತೆಂಗು, ಒಂದಿಷ್ಟು ಅಡಿಕೆಯನ್ನು ನೆಚ್ಚಿಕೊಂಡಿರುವ ರೈತರು. ಮಗನಿಗೆ ಕಂಪ್ಯೂಟರ್ ಬೇಕು. ಸಿದ್ಧವಾಗಿರುವುದನ್ನು ಕೊಳ್ಳುವ ಬದಲು ಬಿಡಿಭಾಗಗಳನ್ನು ತಂದು ತಾನೇ ಜೋಡಿಸುತ್ತೇನೆಂದು ಅವನ ಹಟ. ಅದಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಅಂಗಡಿಯೊಂದರಲ್ಲಿ ಕೊಟೇಷನ್ ಬರೆಸಿಕೊಂಡು ಬಂದಿದ್ದ.

ತಂದೆ ಆ ಚೀಟಿಯ ಎರಡು ಸಾಲುಗಳ ಮೇಲೆ ಬೆರಳಿಟ್ಟರು. “ಮೇಷ್ಟ್ರೇ, ಇದೂ ಮೂವತ್ತೆರಡು ಜಿಬಿ, ಅದೂ ಮೂವತ್ತೆರಡು ಜಿಬಿ. ಕಂಪನಿಯೂ ಒಂದೇ. ಆದರೂ ಒಂದಕ್ಕೆ ಮೂರು ಸಾವಿರ ಜಾಸ್ತಿ. ಯಾಕೆ ಅಂತ ಇವನನ್ನ ಕೇಳಿದರೆ ಸ್ಪೀಡು, ಸ್ಪೀಡು ಅಂತಾನೆ. ಮೂರು ಸಾವಿರಕ್ಕೆ ಎಷ್ಟು ಸ್ಪೀಡು ಬರುತ್ತೆ, ನೀವೇ ಹೇಳಿ.”

ಒಂದು ಸಾಲಿನಲ್ಲಿ 6000 ಎಂದಿತ್ತು, ಇನ್ನೊಂದರಲ್ಲಿ 7200 ಎಂದಿತ್ತು. ಹುಡುಗನ ಕಣ್ಣು 7200ರ ಮೇಲಿತ್ತು. ಅವನ ಸ್ನೇಹಿತನ ಕಂಪ್ಯೂಟರಿನಲ್ಲಿ ಅದೇ ಇತ್ತಂತೆ.

ತಂದೆಯ ಪ್ರಶ್ನೆ ನ್ಯಾಯವಾದದ್ದು. ಕೊಳ್ಳುವ ಪ್ರತಿ ವಸ್ತುವಿನ ಬಗ್ಗೆಯೂ ಕೇಳಬೇಕಾದ ಪ್ರಶ್ನೆ. ಆದರೆ ಉತ್ತರವನ್ನು ನಾನು ಹೇಳಲಿಲ್ಲ. ಚೀಟಿಯ ಹಿಂಬದಿಯಲ್ಲಿ ಹುಡುಗನೇ ಲೆಕ್ಕ ಹಾಕಲಿ ಎಂದು ಪೆನ್ನು ಕೊಟ್ಟೆ. ಆ ದಿನ ನಾವು ಮೂವರೂ ಕುಳಿತು ಮಾಡಿದ ಲೆಕ್ಕ, ಇಂಥದೇ ಚೀಟಿ ಹಿಡಿದು ಕುಳಿತಿರುವ ಬೇರೆ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮದುವೆ ಮನೆಯ ಅಡುಗೆ

ಮೆಮೊರಿಯ ವೇಗ ಅಳೆಯುವ ಮೊದಲು ಅದು ಮಾಡುವ ಕೆಲಸವೇನೆಂದು ತಿಳಿಯಬೇಕು. ಮದುವೆ ಮನೆಯ ಅಡುಗೆ ಭಟ್ಟರನ್ನು ನೆನೆಸಿಕೊಳ್ಳಿ. ಅವರೇ ಪ್ರೊಸೆಸರ್. ಅವರ ಕೈಯಳತೆಯಲ್ಲೇ ಒಗ್ಗರಣೆ ಡಬ್ಬಿ ಇರುತ್ತದೆ. ಪ್ರೊಸೆಸರಿನ ಒಳಗೇ ಇರುವ ‘ಕ್ಯಾಶ್’ ಎಂಬ ಪುಟ್ಟ ಮೆಮೊರಿ ಇಂಥದು. ಪಕ್ಕದಲ್ಲಿ ಹೆಚ್ಚಿದ ತರಕಾರಿ, ತುರಿದ ಕಾಯಿ, ನೆನೆಸಿದ ಬೇಳೆ ಇಟ್ಟುಕೊಂಡ ಮೇಜು ಇರುತ್ತದೆ. ಅಂಗಡಿಯವರು ‘ರ‍್ಯಾಮ್’ ಎನ್ನುವ ಮೆಮೊರಿಯೇ ಆ ಮೇಜು. ಮೂಟೆಗಳು, ಡಬ್ಬಗಳು ಇರುವ ಉಗ್ರಾಣ ಹಿಂದಿನ ಕೋಣೆಯಲ್ಲಿದೆ. ಅದು ಎಸ್‌ಎಸ್‌ಡಿ. ಇನ್ನು ಹಳೆಯ ಹಾರ್ಡ್ ಡಿಸ್ಕ್ ಎಂದರೆ ದೂರದ ಪೇಟೆಯ ಅಂಗಡಿ ಎಂದೇ ಹೇಳಬಹುದು.

ಈಗ ಕಾಲದ ಲೆಕ್ಕ ನೋಡಿ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೊ ಸೆಕೆಂಡ್ ಎಂದು ಹೆಸರು. ಅತಿ ಹತ್ತಿರದ ಕ್ಯಾಶ್‌ನಿಂದ ಒಂದು ಅಂಕಿ ತೆಗೆಯಲು ಪ್ರೊಸೆಸರಿಗೆ ಸುಮಾರು 1 ನ್ಯಾನೊ ಸೆಕೆಂಡ್ ಸಾಕು. ಮೆಮೊರಿಯಿಂದ ತರಿಸಿಕೊಳ್ಳಲು ಒಟ್ಟು ಸುಮಾರು 80 ನ್ಯಾನೊ ಸೆಕೆಂಡ್. ಎಸ್‌ಎಸ್‌ಡಿಯಿಂದಾದರೆ ಅದರ ಸಾವಿರ ಪಟ್ಟು. ಹಾರ್ಡ್ ಡಿಸ್ಕ್‌ನಿಂದಾದರೆ ಲಕ್ಷಕ್ಕೂ ಹೆಚ್ಚು ಪಟ್ಟು.

ಇವೆಲ್ಲ ನಮ್ಮ ಅನುಭವಕ್ಕೆ ನಿಲುಕದ ಅಂಕಿಗಳು. ಹಾಗಾಗಿ ಹಿಗ್ಗಿಸಿ ನೋಡೋಣ. ಮೇಜಿನಿಂದ ಕಾಯಿತುರಿ ಕೈಗೆ ಬರಲು ಒಂದು ನಿಮಿಷ ಎಂದಿಟ್ಟುಕೊಳ್ಳಿ. ಆಗ ಒಗ್ಗರಣೆ ಡಬ್ಬಿಯಿಂದ ಸಾಸಿವೆ ತೆಗೆಯಲು ಒಂದು ಸೆಕೆಂಡೂ ಬೇಡ. ಉಗ್ರಾಣದಿಂದ ತರಲು ಮಾತ್ರ ಹದಿನಾರು ಹದಿನೇಳು ಗಂಟೆ ಬೇಕು. ಪೇಟೆಯಿಂದ ತರಿಸಿದರೆ ಹತ್ತಿರ ಹತ್ತಿರ ಮೂರು ತಿಂಗಳು! ಮದುವೆ ಮುಗಿದು ಆಷಾಢ ಕಳೆದ ಮೇಲೆ ಮೆಣಸಿನಕಾಯಿ ಬಂದ ಹಾಗೆ.

ಇದರಲ್ಲೇ ಮೊದಲ ಪಾಠವಿದೆ. ಮೇಜು ಚಿಕ್ಕದಾಗಿದ್ದರೆ ಭಟ್ಟರು ಹೆಜ್ಜೆಹೆಜ್ಜೆಗೂ ಉಗ್ರಾಣಕ್ಕೆ ಆಳು ಕಳಿಸಬೇಕಾಗುತ್ತದೆ. ಆಗ ಮೇಜಿನಿಂದ ಕೈಗೆ ಎತ್ತಿ ಕೊಡುವವನು ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ. ಮೇಜಿನ ಅಗಲವೆಂದರೆ ಮೆಮೊರಿಯ ಪ್ರಮಾಣ. ಎತ್ತಿ ಕೊಡುವವನ ಚುರುಕು ಮೆಮೊರಿಯ ವೇಗ. ಮೊದಲು ಮೇಜು, ಆಮೇಲೆ ಚುರುಕು.

ಗರಗಸದ ಲೆಕ್ಕ

ಇನ್ನು 6000, 7200 ಎಂಬ ಅಂಕಿಗಳಿಗೆ ಬರೋಣ. ಡಬ್ಬಿಯ ಮೇಲೆ ಸಾಮಾನ್ಯವಾಗಿ ‘6000 ಮೆಗಾಹರ್ಟ್ಸ್’ ಎಂದು ಅಚ್ಚಾಗಿರುತ್ತದೆ. ಮೆಮೊರಿಯೊಳಗಿನ ಗಡಿಯಾರ ನಿಜವಾಗಿ ಮಿಡಿಯುವುದು ಅದರ ಅರ್ಧದಷ್ಟು, ಅಂದರೆ 3000 ಮೆಗಾಹರ್ಟ್ಸ್. ಹಾಗಾದರೆ ಮೋಸವೆ? ಅಲ್ಲ. ಇಬ್ಬರು ಹಿಡಿದು ಎಳೆಯುವ ದೊಡ್ಡ ಗರಗಸವನ್ನು ನೀವು ನೋಡಿರಬಹುದು. ಅದು ಹೋಗುವಾಗಲೂ ಕೊಯ್ಯುತ್ತದೆ, ಬರುವಾಗಲೂ ಕೊಯ್ಯುತ್ತದೆ. ಈಗಿನ ಮೆಮೊರಿಯೂ ಹಾಗೆಯೇ. ಗಡಿಯಾರದ ಮಿಡಿತ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮಾಹಿತಿ ಸಾಗಿಸುತ್ತದೆ. ‘ಡಬಲ್ ಡೇಟಾ ರೇಟ್’, ಚಿಕ್ಕದಾಗಿ ಡಿಡಿಆರ್, ಎಂಬ ಹೆಸರು ಬಂದದ್ದೇ ಇದರಿಂದ. ಹೆಸರಿನ ಮುಂದಿನ 4, 5 ಎಂಬುವು ತಲೆಮಾರಿನ ಸಂಖ್ಯೆಗಳು. ಡಿಡಿಆರ್ 5ರ ಪ್ರಮಾಣಕ ಪ್ರಕಟವಾದದ್ದು 2020ರಲ್ಲಿ. ಮನೆಯ ಕಂಪ್ಯೂಟರುಗಳಿಗೆ ಅದು ಬಂದದ್ದು 2021ರ ಕೊನೆಯಲ್ಲಿ.

ಪ್ರತಿ ಸಾಗಣೆಯಲ್ಲೂ ಒಂದು ಸ್ಟಿಕ್ 64 ಬಿಟ್, ಅಂದರೆ 8 ಬೈಟ್ ಕಳಿಸುತ್ತದೆ. ಆದ್ದರಿಂದ 6000ವನ್ನು 8ರಿಂದ ಗುಣಿಸಿದರೆ ಸೆಕೆಂಡಿಗೆ 48,000 ಮೆಗಾಬೈಟ್, ಅಥವಾ 48 ಗಿಗಾಬೈಟ್. 7200ಕ್ಕೆ 57.6 ಗಿಗಾಬೈಟ್. ಡಿಡಿಆರ್ 4ರ 3200 ವೇಗದ ಸ್ಟಿಕ್ಕಿಗೆ 25.6 ಗಿಗಾಬೈಟ್. ಹುಡುಗ ಇಷ್ಟನ್ನು ಬರೆದು, “ನೋಡಿ ಸಾರ್, 7200ರಲ್ಲಿ ಶೇಕಡ 20 ಜಾಸ್ತಿ ಆಯ್ತಲ್ಲ” ಎಂದ. ಗುಣಾಕಾರ ಸರಿಯಾಗಿತ್ತು. ಆದರೆ ಲೆಕ್ಕ ಅರ್ಧವಷ್ಟೇ ಮುಗಿದಿತ್ತು.

ಹರಿವು ಬೇರೆ, ಕಾಯುವುದು ಬೇರೆ

ಇಲ್ಲಿ ನಾನು ತಂದೆಯ ಕಡೆ ತಿರುಗಿದೆ. “ನಿಮ್ಮ ಬಾವಿಯ ಮೋಟಾರ್ ಹಾಕಿದ ಮೇಲೆ ತೋಟದ ಕೊನೆಗೆ ನೀರು ಬರಲು ಎಷ್ಟು ಹೊತ್ತು?” “ಎರಡು ಮೂರು ನಿಮಿಷ ಆಗುತ್ತೆ.” “ಎರಡು ಇಂಚಿನ ಪೈಪ್ ತೆಗೆದು ಮೂರು ಇಂಚಿನದು ಹಾಕಿದರೆ?” ಅವರು ನಕ್ಕರು. “ಬಂದ ಮೇಲೆ ಜಾಸ್ತಿ ಬರುತ್ತೆ ಮೇಷ್ಟ್ರೇ. ಬೇಗ ಏನೂ ಬರಲ್ಲ.”

ಮೆಮೊರಿಯಲ್ಲೂ ಇವು ಎರಡು ಬೇರೆ ಬೇರೆ ಸಂಗತಿಗಳು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಪೈಪಿನ ದಪ್ಪವನ್ನು, ಎಂದರೆ ಹರಿವನ್ನು ಹೇಳುತ್ತದೆ. ಮೊದಲ ಹನಿಗೆ ಎಷ್ಟು ಕಾಯಬೇಕು ಎಂಬುದನ್ನು ಹೇಳುವುದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ ‘ಸಿಎಲ್’ ಎಂಬ ಅಂಕಿ. ಸಿಎಲ್ 30 ಎಂದರೆ, ಕೇಳಿದ ಮಾಹಿತಿ ಹೊರಬರುವ ಮುನ್ನ ಗಡಿಯಾರದ 30 ಮಿಡಿತ ಕಾಯಬೇಕೆಂದು ಅರ್ಥ. ಮಿಡಿತ ಎಷ್ಟು ಬೇಗ ಬರುತ್ತದೆ ಎಂಬುದು ಒಂದೊಂದು ಮೆಮೊರಿಯಲ್ಲಿ ಒಂದೊಂದು ತೆರ. ಹಾಗಾಗಿ ಸಿಎಲ್ ಅಂಕಿಯನ್ನೊಂದೇ ಹೋಲಿಸಿದರೂ ತಪ್ಪು, ದೊಡ್ಡ ಅಂಕಿಯನ್ನೊಂದೇ ಹೋಲಿಸಿದರೂ ತಪ್ಪು. ಎರಡನ್ನೂ ಕೂಡಿಸುವ ಸುಲಭ ಸೂತ್ರ ಇಲ್ಲಿದೆ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿ. ಬರುವ ಉತ್ತರವೇ ನ್ಯಾನೊ ಸೆಕೆಂಡುಗಳಲ್ಲಿ ಕಾಯುವ ಕಾಲ.

ಮಕ್ಕಳೇ, ಪೆನ್ಸಿಲ್ ಹಿಡಿದು ನೀವೂ ಮಾಡಿ ನೋಡಿ:

ಡಿಡಿಆರ್ 3, 1600, ಸಿಎಲ್ 9: 11.25 ನ್ಯಾನೊ ಸೆಕೆಂಡ್
ಡಿಡಿಆರ್ 4, 3200, ಸಿಎಲ್ 22: 13.75
ಡಿಡಿಆರ್ 4, 3200, ಸಿಎಲ್ 16: 10
ಡಿಡಿಆರ್ 4, 3600, ಸಿಎಲ್ 18: 10
ಡಿಡಿಆರ್ 5, 4800, ಸಿಎಲ್ 40: 16.67
ಡಿಡಿಆರ್ 5, 6000, ಸಿಎಲ್ 40: 13.33
ಡಿಡಿಆರ್ 5, 6000, ಸಿಎಲ್ 30: 10
ಡಿಡಿಆರ್ 5, 7200, ಸಿಎಲ್ 34: 9.44

ಸೋಜಿಗವೆನಿಸುವುದಿಲ್ಲವೆ? 2003ರ ಹೊತ್ತಿಗೆ ಬಳಕೆಗೆ ಬಂದ ಮೊದಲ ತಲೆಮಾರಿನ ಡಿಡಿಆರ್ ಮೆಮೊರಿಗೆ 400ರ ವೇಗ, ಒಳ್ಳೆಯದರಲ್ಲಿ ಸಿಎಲ್ 2. ಸೂತ್ರ ಹಾಕಿದರೆ ಅದಕ್ಕೂ 10 ನ್ಯಾನೊ ಸೆಕೆಂಡೇ! ಎರಡು ದಶಕಗಳಲ್ಲಿ ಹರಿವು ಸೆಕೆಂಡಿಗೆ 3.2 ಗಿಗಾಬೈಟ್‌ನಿಂದ 48 ಗಿಗಾಬೈಟ್‌ಗೆ, ಅಂದರೆ ಹದಿನೈದು ಪಟ್ಟು ಬೆಳೆಯಿತು. ಕಾಯುವ ಕಾಲ ಮಾತ್ರ ಇದ್ದಲ್ಲೇ ಇದೆ.

ಇದಕ್ಕೆ ಕಾರಣ ಪಿ.ಯು.ಸಿ. ಭೌತಶಾಸ್ತ್ರದಲ್ಲಿದೆ. ಮೆಮೊರಿಯ ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುದಾವೇಶ ಹಿಡಿದಿಡುವ ಒಂದು ಕೆಪಾಸಿಟರ್‌ನಿಂದ ಆಗಿದೆ. ಈ ವಿನ್ಯಾಸಕ್ಕೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ದೊರೆಯಿತು. ಈ ಕೆಪಾಸಿಟರ್ ಸೋರುವ ಕೊಡವಿದ್ದಂತೆ. ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸಲ ಅದನ್ನು ಮತ್ತೆ ತುಂಬಬೇಕು. ಅದರಲ್ಲಿರುವ ಅತ್ಯಲ್ಪ ಆವೇಶವನ್ನು ಉದ್ದನೆಯ ತಂತಿಗೆ ಬಿಟ್ಟು, ಇದೆಯೋ ಇಲ್ಲವೋ ಎಂದು ಗುರುತಿಸಿ, ವರ್ಧಿಸಬೇಕು. ಈ ಕೆಲಸವನ್ನು ಅವಸರಿಸಲು ಬರುವುದಿಲ್ಲ. ಎಂಜಿನಿಯರುಗಳು ಮಾಡಿದ ಉಪಾಯವೆಂದರೆ ಒಂದೇ ಸಲಕ್ಕೆ ಹೆಚ್ಚು ಹೆಚ್ಚು ಕೋಶಗಳನ್ನು ಓದಿಟ್ಟುಕೊಂಡು, ಸಾಲಾಗಿ ವೇಗವಾಗಿ ಹೊರಕಳಿಸುವುದು. ಪೈಪು ದಪ್ಪವಾದದ್ದು ಹೀಗೆ. ಮೊದಲ ಹನಿಯ ಕಾಲ ಹಾಗೇ ಉಳಿಯಿತು.

ಚೀಟಿಯಲ್ಲಿದ್ದ ಎರಡರ ನಡುವಿನ ವ್ಯತ್ಯಾಸವನ್ನು ಹುಡುಗ ಕಳೆದು ಬರೆದ: 0.56 ನ್ಯಾನೊ ಸೆಕೆಂಡ್. “ಅಂದರೆ ಎಷ್ಟಪ್ಪಾ?” ಎಂದು ತಂದೆ ಕೇಳಿದರು. “ಸೆಕೆಂಡಿನ ಇನ್ನೂರು ಕೋಟಿಯಲ್ಲಿ ಒಂದು ಭಾಗ, ಹೆಚ್ಚುಕಡಿಮೆ” ಎಂದು ಅವನೇ ಹೇಳಿ, ಸ್ವಲ್ಪ ಸಪ್ಪಗಾದ.

ಪ್ರೊಸೆಸರ್ ಒಪ್ಪಬೇಕಲ್ಲ!

ಆದರೂ ಶೇಕಡ 20ರಷ್ಟು ಹೆಚ್ಚಿನ ಹರಿವು ಸಿಗುತ್ತದಲ್ಲ ಎಂದು ಅವನ ವಾದ. ಅಲ್ಲಿಯೇ ಇನ್ನೊಂದು ತೊಡಕಿದೆ. ಮೆಮೊರಿಯನ್ನು ನಿಯಂತ್ರಿಸುವ ಭಾಗ ಪ್ರೊಸೆಸರಿನ ಒಳಗೇ ಇರುತ್ತದೆ. ಹುಡುಗ ಆರಿಸಿದ್ದು ಎಎಂಡಿ ಕಂಪನಿಯ ರೈಝೆನ್ 7000 ಸರಣಿಯ ಪ್ರೊಸೆಸರ್. ಅದಕ್ಕೆ ಕಂಪನಿ ಅಧಿಕೃತವಾಗಿ ಹೇಳಿರುವ ವೇಗ 5200. 2022ರಲ್ಲಿ ಆ ಸರಣಿ ಬಂದಾಗ 6000 ಎಂಬುದು ಹದವಾದ ಮಟ್ಟವೆಂದು ಕಂಪನಿಯೇ ಸೂಚಿಸಿತ್ತು. ಅಲ್ಲಿಯವರೆಗೆ ಮೆಮೊರಿಯ ಗಡಿಯಾರ ಮತ್ತು ನಿಯಂತ್ರಕದ ಗಡಿಯಾರ ಒಂದೇ ತಾಳದಲ್ಲಿ ನಡೆಯುತ್ತವೆ. ಕೆಲವು ಪ್ರೊಸೆಸರುಗಳಲ್ಲಿ 6400ರವರೆಗೂ ನಡೆದಾವು. ಅದನ್ನು ಮೀರಿದರೆ ನಿಯಂತ್ರಕ ಅರ್ಧ ವೇಗಕ್ಕೆ ಇಳಿಯುತ್ತದೆ. ಮೃದಂಗದವನು ದ್ರುತದಲ್ಲಿ ಬಾರಿಸುತ್ತಿದ್ದರೂ ಹಾಡುವವರು ವಿಳಂಬದಲ್ಲೇ ಉಳಿದ ಹಾಗೆ. 7200ಕ್ಕೆ ತೆತ್ತ ಹಣ ಅಲ್ಲಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹೀಗಾಗಿ ಮೆಮೊರಿಯನ್ನು ಎಂದೂ ಒಂಟಿಯಾಗಿ ಆರಿಸಬಾರದು. ಮೊದಲು ಪ್ರೊಸೆಸರ್, ಆಮೇಲೆ ಮದರ್‌ಬೋರ್ಡ್, ಅವೆರಡಕ್ಕೂ ಒಪ್ಪುವ ಮೆಮೊರಿ. ರೈಝೆನ್ 5000 ಸರಣಿಯಂಥ ಹಳೆಯ ಪ್ರೊಸೆಸರಾದರೆ ಡಿಡಿಆರ್ 4 ಮಾತ್ರ. ಅಲ್ಲಿ 3200ಕ್ಕೆ ಸಿಎಲ್ 16, ಅಥವಾ 3600ಕ್ಕೆ ಸಿಎಲ್ 18 ಧಾರಾಳವಾಗಿ ಸಾಕು. ಇಂಟೆಲ್ ಕಂಪನಿಯ 12ರಿಂದ 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಎರಡನ್ನೂ ಒಪ್ಪುತ್ತವೆ. ಆದರೆ ಯಾವುದು ಎಂಬುದನ್ನು ಮದರ್‌ಬೋರ್ಡ್ ನಿರ್ಧರಿಸುತ್ತದೆ. ಡಿಡಿಆರ್ 4 ಮತ್ತು 5ರ ಸ್ಟಿಕ್ಕುಗಳೆರಡಕ್ಕೂ 288 ಪಿನ್ನುಗಳಿದ್ದರೂ ನಡುವಿನ ಕಚ್ಚಿನ ಜಾಗ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಬಲವಂತ ಮಾಡಿದರೆ ಬೋರ್ಡ್ ಹಾಳಾದೀತು. ಬೋರ್ಡ್ ತಯಾರಕರ ಜಾಲತಾಣದಲ್ಲಿ ಅವರು ಪರೀಕ್ಷಿಸಿ ಒಪ್ಪಿದ ಮೆಮೊರಿಗಳ ಪಟ್ಟಿ ಇರುತ್ತದೆ. ಅಂಗಡಿಗೆ ಹೋಗುವ ಮೊದಲು ಅದನ್ನು ನೋಡಿಕೊಳ್ಳಿ.

ನಾನು ಬೇಸ್ತು ಬಿದ್ದ ಕಥೆ

ಹುಡುಗನ ಮುಖ ನೋಡಿ, ನನ್ನದೇ ಒಂದು ಪ್ರಸಂಗ ಹೇಳಿದೆ. 2021ರ ದೀಪಾವಳಿಯ ಹೊತ್ತಿಗೆ ನಾನೂ ಮನೆಗೊಂದು ಕಂಪ್ಯೂಟರ್ ಜೋಡಿಸಿದ್ದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆ, ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಅಡಕವಾಗಿರುವುದನ್ನು ತಂದಿದ್ದೆ. ಮೆಮೊರಿ ಡಿಡಿಆರ್ 4, 3200 ವೇಗದ್ದು, 8 ಜಿಬಿಯ ಎರಡು ಸ್ಟಿಕ್. ಜೋಡಿಸಿದೆ, ಓಡಿತು. ಎದೆಯುಬ್ಬಿಸಿಕೊಂಡೆ. ತರಗತಿಗೆ ತೋರಿಸಲು ಗ್ರಹಗಳ ಚಲನೆಯ ಚಿತ್ರಿಕೆ ಮಾಡಹೊರಟರೆ ಮಾತ್ರ ಅದು ಕುಂಟುತ್ತಿತ್ತು. ಅಗ್ಗದ ಯಂತ್ರ, ಇಷ್ಟೇ ಇರಬೇಕು ಎಂದುಕೊಂಡು ಹನ್ನೊಂದು ತಿಂಗಳು ದೂಡಿದೆ.

2022ರ ಆಯುಧಪೂಜೆಯ ದಿನ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ದೂಳು ತೆಗೆಯುತ್ತಿದ್ದೆ. ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ಮಗಳು ಕೇಳಿದಳು: “ಅಪ್ಪಾ, ಈ ಸ್ಲಾಟುಗಳಿಗೆ ಒಂದು ಬಿಟ್ಟು ಒಂದಕ್ಕೆ ಬೇರೆ ಬಣ್ಣ ಯಾಕೆ?” ನನಗೆ ಗೊತ್ತಿರಲಿಲ್ಲ. ಕೈಪಿಡಿ ತೆರೆದು ನೋಡಿದೆ. ಎರಡು ಸ್ಟಿಕ್ ಹಾಕುವುದಾದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕೆಂದು ಚಿತ್ರಸಹಿತ ಬರೆದಿತ್ತು. ಆಗ ಎರಡು ಚಾನೆಲ್‌ಗಳಲ್ಲಿ ಏಕಕಾಲಕ್ಕೆ ಮಾಹಿತಿ ಹರಿಯುತ್ತದೆ. ನಾನು ಮೊದಲೆರಡು ಸ್ಲಾಟುಗಳಲ್ಲಿ ಹಾಕಿ, ಎರಡನ್ನೂ ಒಂದೇ ಚಾನೆಲ್ಲಿಗೆ ಸಿಕ್ಕಿಸಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟ ನೋಡಿದರೆ ವೇಗ 2133 ಎಂದು ತೋರಿಸುತ್ತಿತ್ತು! ಡಬ್ಬಿಯ ಮೇಲಿನ ವೇಗ ತಾನಾಗಿ ಬರುವುದಿಲ್ಲ. ಮೆಮೊರಿ ಮೊದಲಿಗೆ ಎಲ್ಲ ಕಡೆಯೂ ನಡೆಯುವ ನಿಧಾನದ ವೇಗದಲ್ಲಿ ಏಳುತ್ತದೆ. ಬಯೋಸ್ ಎಂಬ ಮೂಲ ಸಿದ್ಧತೆಯ ಪುಟಕ್ಕೆ ಹೋಗಿ ‘ಎಕ್ಸ್‌ಎಂಪಿ’ ಅಥವಾ ‘ಎಕ್ಸ್‌ಪೋ’ ಎಂಬ ಪ್ರೊಫೈಲನ್ನು ನಾವೇ ಆರಿಸಬೇಕು. ಮೊದಲನೆಯದು ಇಂಟೆಲ್ ರೂಪಿಸಿದ್ದು, ಎರಡನೆಯದು ಡಿಡಿಆರ್ 5ಕ್ಕಾಗಿ ಎಎಂಡಿ ರೂಪಿಸಿದ್ದು.

ಸೆಕೆಂಡಿಗೆ 51.2 ಗಿಗಾಬೈಟ್ ಹರಿವಿಗೆ ಹಣ ಕೊಟ್ಟು ಹನ್ನೊಂದು ತಿಂಗಳು ನಾನು ಬಳಸಿದ್ದು 17 ಗಿಗಾಬೈಟ್. ಮೂರರಲ್ಲಿ ಒಂದು ಪಾಲು! ಒಂದು ಸ್ಟಿಕ್ ಕಿತ್ತು ಸರಿಯಾದ ಸ್ಲಾಟಿಗೆ ಹಾಕಿ, ಪ್ರೊಫೈಲ್ ಆರಿಸಿದೆ. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿಯ ಖರ್ಚಿಲ್ಲ. ಆ ಸಂಜೆ ಗ್ರಹಗಳು ಕುಂಟದೆ ಸುತ್ತಿದವು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಇದೇ ಮೆಮೊರಿಯಲ್ಲಿ ಪಾಲು ಪಡೆಯುತ್ತದೆ. ಆದ್ದರಿಂದ ಹರಿವಿನ ವ್ಯತ್ಯಾಸ ಕಣ್ಣಿಗೆ ಕಾಣುವುದು ಅಂಥ ಯಂತ್ರಗಳಲ್ಲೇ ಹೆಚ್ಚು.

ಹೊಸ ಅಂಕಿಗೆ ಮೂರು ಸಾವಿರ ಸುರಿಯುವ ಮೊದಲು, ಕೊಂಡ ಅಂಕಿ ನಿಜವಾಗಿ ಓಡುತ್ತಿದೆಯೆ ಎಂದು ನೋಡಿಕೊಳ್ಳಬೇಕೆಂಬ ಬುದ್ಧಿ ನನಗೆ ಬಂದದ್ದು ಹಾಗೆ.

ಯಾರಿಗೆ ಎಷ್ಟು?

ಪಾಠ ಓದುವುದು, ಬರೆಯುವುದು, ಅಂತರಜಾಲ ನೋಡುವುದು, ಪ್ರೋಗ್ರಾಮಿಂಗ್ ಕಲಿಯುವುದು ಇಷ್ಟೇ ಆದರೆ ಮೆಮೊರಿಯ ವೇಗದ ಹೆಚ್ಚುಕಡಿಮೆ ನಿಮ್ಮ ಗಮನಕ್ಕೇ ಬಾರದು. ಪ್ರೊಸೆಸರಿಗೆ ಬೇಕಾದದ್ದರಲ್ಲಿ ಹೆಚ್ಚಿನ ಪಾಲು ಒಗ್ಗರಣೆ ಡಬ್ಬಿಯಲ್ಲೇ ಸಿಗುತ್ತದೆ. ಉಳಿದದ್ದಕ್ಕೆ 80 ನ್ಯಾನೊ ಸೆಕೆಂಡಿನಲ್ಲಿ ಒಂದೆರಡು ಉಳಿದರೆ ಯಾರಿಗೆ ತಿಳಿದೀತು? ಇಂಥ ಮನೆಗೆ 16 ಜಿಬಿ, 8 ಜಿಬಿಯ ಎರಡು ಸ್ಟಿಕ್, ಸಾಧಾರಣ ವೇಗ ಸಾಕು. ದೊಡ್ಡ ವಿನ್ಯಾಸದ ತಂತ್ರಾಂಶ, ವಿಡಿಯೊ ಸಂಕಲನ, ಒಂದರೊಳಗೊಂದು ಯಂತ್ರ ಓಡಿಸುವ ಪ್ರಯೋಗಗಳಿದ್ದರೆ 32 ಜಿಬಿ. ವೇಗವೇ ಮುಖ್ಯವಾಗುವುದು ಕೆಲವು ಆಟಗಳಲ್ಲಿ, ಕಡತಗಳನ್ನು ಕುಗ್ಗಿಸಿ ಹಿಗ್ಗಿಸುವ ಕೆಲಸದಲ್ಲಿ, ಹಾಗೂ ಆಗಲೇ ಹೇಳಿದಂತೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರುಗಳಲ್ಲಿ.

‘ಈಗ ಒಂದು ಜೊತೆ, ಮುಂದೆ ಇನ್ನೊಂದು ಜೊತೆ’ ಎಂಬ ಯೋಜನೆ ಡಿಡಿಆರ್ 5ರಲ್ಲಿ ಅಷ್ಟು ಸುಖವಲ್ಲ. ನಾಲ್ಕು ಸ್ಟಿಕ್ ತುಂಬಿದರೆ ನಿಯಂತ್ರಕದ ಮೇಲೆ ಹೊರೆ ಹೆಚ್ಚುತ್ತದೆ. ರೈಝೆನ್ 7000 ಸರಣಿಗೆ ನಾಲ್ಕು ಸ್ಟಿಕ್ಕಿನೊಂದಿಗೆ ಕಂಪನಿ ಹೇಳಿರುವ ವೇಗ 3600 ಮಾತ್ರ. ಬೇಕಾದ ಪ್ರಮಾಣವನ್ನು ಮೊದಲೇ ಎರಡು ಸ್ಟಿಕ್ಕಿನಲ್ಲಿ, ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಬರುವುದನ್ನೇ ಕೊಳ್ಳಿ. ಬೇರೆ ಬೇರೆ ವೇಗದವನ್ನು ಕೂಡಿಸಿದರೆ ಎಲ್ಲವೂ ನಿಧಾನದ್ದರ ವೇಗದಲ್ಲೇ ಓಡುತ್ತವೆ.

ಬೆಲೆಯ ಮಾತು ಹೇಳಲೇಬೇಕು. ಮೆಮೊರಿಯ ಬೆಲೆ ಟೊಮೆಟೊ ಬೆಲೆಯ ಹಾಗೆ, ಏರುತ್ತದೆ, ಇಳಿಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕ ಕೇಂದ್ರಗಳಿಂದ ಬೇಡಿಕೆ ಉಕ್ಕಿ, ಮನೆಬಳಕೆಯ ಮೆಮೊರಿಯ ಬೆಲೆ ವಿಪರೀತ ಏರಿತು. ಇಂಥ ಕಾಲದಲ್ಲಿ ಕೈ ಬಿಗಿಯಾದರೆ ವೇಗದಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಪ್ರಮಾಣದಲ್ಲಿ ಇಳಿಯಬೇಡಿ. ಮನೆಯಲ್ಲಿ 4 ಜಿಬಿಯ ಹಳೆಯ ಯಂತ್ರವಿದ್ದರೆ, ಹೊಸತನ್ನು ಕೊಳ್ಳುವ ಮೊದಲು ಅದೇ ತಲೆಮಾರಿನ ಇನ್ನೊಂದು ಸ್ಟಿಕ್ ಹಾಕಿ ನೋಡಿ. ಅದು ಇನ್ನೂ ಒಂದೆರಡು ವರ್ಷ ದುಡಿದೀತು.

ಜೋಡಿಸಿದ ದಿನ

ಹುಡುಗ ಕೊನೆಗೆ 6000, ಸಿಎಲ್ 30ನ್ನೇ ತಂದ. ಜುಲೈ ತಿಂಗಳ ಒಂದು ಸಂಜೆ ಫೋನ್ ಬಂತು. ದನಿ ನಡುಗುತ್ತಿತ್ತು. “ಸಾರ್, ಫ್ಯಾನ್ ತಿರುಗ್ತಿದೆ, ಪರದೆ ಮಾತ್ರ ಕಪ್ಪು. ಏನೋ ಸುಟ್ಟುಹೋಗಿದೆ ಅನ್ಸುತ್ತೆ. ಅಪ್ಪ ಇಲ್ಲೇ ಕೂತಿದ್ದಾರೆ.”

ಅಪ್ಪ ಇಲ್ಲೇ ಕೂತಿದ್ದಾರೆ ಎಂಬ ಆ ಮಾತಿನಲ್ಲಿ ಒಂದು ವರ್ಷದ ಕಾಯಿ ಮಾರಿದ ಹಣದ ಭಾರವಿತ್ತು. “ಸ್ವಿಚ್ ಆರಿಸಬೇಡ, ಸುಮ್ಮನೆ ಕಾಯಿ” ಎಂದೆ. ಡಿಡಿಆರ್ 5 ಯಂತ್ರಗಳು ಮೊದಲ ಸಲ ಏಳುವಾಗ, ಕಛೇರಿಗೆ ಮುನ್ನ ಶ್ರುತಿ ಕೂಡಿಸುವಂತೆ, ಮೆಮೊರಿಯೊಡನೆ ಹೊಂದಾಣಿಕೆ ಮಾಡಿಕೊಳ್ಳುತ್ತವೆ. ಅದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು. ತಿಳಿಯದವರು ನಡುವೆಯೇ ಆರಿಸಿ, ಬೋರ್ಡ್ ಕೆಟ್ಟಿತೆಂದು ಅಂಗಡಿಗೆ ಓಡುತ್ತಾರೆ. ಫೋನ್ ಹಿಡಿದೇ ಇದ್ದೆವು. ಐದಾರು ನಿಮಿಷ ಕಳೆದಿರಬೇಕು. “ಬಂತು ಸಾರ್!” ಎಂಬ ಕೂಗಿನ ಹಿಂದೆ ತಂದೆಯ ನಿಟ್ಟುಸಿರೂ ಕೇಳಿಸಿತು.

ವೇಗ 4800 ಎಂದು ತೋರಿಸಿತು. ಅವನೇ ಪ್ರೊಫೈಲ್ ಆರಿಸಿಕೊಂಡ. ಮರುದಿನ ಬೇರೊಂದು ತಂತ್ರಾಂಶದಲ್ಲಿ 3000 ಎಂದು ಕಂಡಾಗ ಒಂದು ಕ್ಷಣ ಗಾಬರಿಯಾಯಿತಂತೆ. ಆಮೇಲೆ ಗರಗಸ ನೆನಪಾಯಿತಂತೆ. ಪ್ರೊಫೈಲ್ ಆರಿಸಿದ ಮೇಲೆ ಒಂದು ರಾತ್ರಿ ಮೆಮೊರಿಯ ಪರೀಕ್ಷೆ ನಡೆಸಲು ಹೇಳಿದ್ದೆ. ಅದಕ್ಕಾಗಿ ‘ಮೆಮ್‌ಟೆಸ್ಟ್ 86’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪ್ರೊಫೈಲಿನ ವೇಗ ಪ್ರೊಸೆಸರಿನ ಅಧಿಕೃತ ವೇಗಕ್ಕಿಂತ ಹೆಚ್ಚಿನದಾಗಿರುವುದರಿಂದ ಈ ಎಚ್ಚರ ಬೇಕು. ಒಂದೇ ಒಂದು ತಪ್ಪು ಕಂಡರೂ ಒಂದು ಮೆಟ್ಟಿಲು ಇಳಿಸಬೇಕು. ಮೆಮೊರಿಯ ತಪ್ಪು ಸದ್ದಿಲ್ಲದೆ ಕಡತಗಳನ್ನು ಕೆಡಿಸುತ್ತದೆ. ಆರು ತಿಂಗಳ ಪ್ರಾಜೆಕ್ಟ್ ಕೆಟ್ಟ ಮೇಲೆ ವೇಗ ಕಟ್ಟಿಕೊಂಡು ಏನು ಮಾಡುವುದು?

ಜೋಡಿಸುವವರಿಗೆ ಇಷ್ಟು ನೆನಪಿರಲಿ. ವಿದ್ಯುತ್ ಸಂಪರ್ಕ ಕಳಚಿ, ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ. ಕಚ್ಚು ಹೊಂದಿಸಿ, ಕೊಕ್ಕೆ ‘ಟಕ್’ ಎನ್ನುವವರೆಗೆ ಒತ್ತಿ. ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಎಂಬುದನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಮೊದಲ ಸಲ ತಾಳ್ಮೆಯಿಂದ ಕಾಯಿರಿ. ಪ್ರೊಫೈಲ್ ಆರಿಸಿ, ಪರೀಕ್ಷಿಸಿ.

ಆ ಮೂರು ಸಾವಿರ ಏನಾಯಿತೆಂದು ನೀವು ಕೇಳಬಹುದು. ಅವರ ಊರಿನಲ್ಲಿ ಮಳೆಗಾಲದ ಸಂಜೆ ಕರೆಂಟು ನೆಚ್ಚುವ ಹಾಗಿಲ್ಲ. ತಂದೆ ಆ ಹಣಕ್ಕೆ ಸ್ವಲ್ಪ ಸೇರಿಸಿ ಯು.ಪಿ.ಎಸ್. ತಂದರು. ಮೊನ್ನೆ ಸಿಕ್ಕಾಗ ಹುಡುಗ ಹೇಳಿದ: “ಸಾರ್, ನನ್ನ ಫ್ರೆಂಡ್ ಕಂಪ್ಯೂಟರಲ್ಲಿ 7200 ನಿಲ್ಲಲೇ ಇಲ್ಲವಂತೆ. ಅವನೂ 6000ಕ್ಕೇ ಇಳಿಸಿಕೊಂಡಿದ್ದಾನೆ.”